ಇದ್ದದ್ದೇ ಗೊತ್ತಾಗದ ಮಕ್ಕಳು

ಹಳ್ಳಿಯ ಶಾಲೆಯಲ್ಲಿ ಪಾಲಕರ ಸಭೆ ನಡೆದಾಗ ಮೇಷ್ಟ್ರ ಬಾಯಿಂದ ಬರುವ ಮಾತುಗಳಲ್ಲಿ ತಾಯಂದಿರಿಗೆ ತುಂಬ ಹಿತವೆನಿಸುವುದು ಇದು: ‘ನಿಮ್ಮ ಹುಡುಗಿ ಭಾಳ ಒಳ್ಳೇಕಿ ನೋಡವ್ವ, ಕ್ಲಾಸಿನಾಗ ಇದ್ದದ್ದೇ ಗೊತ್ತಾಗಂಗಿಲ್ಲ.’ ತಾಯಿ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಒಂದು ದಿನದ ಕೂಲಿ ಬಿಟ್ಟು ಬಂದದ್ದಕ್ಕೂ ಸಾರ್ಥಕವಾಯಿತು ಎಂದುಕೊಂಡು ಎದ್ದು ಹೋಗುತ್ತಾಳೆ. ಪಕ್ಕದಲ್ಲಿ ಕೂತ ಇನ್ನೊಬ್ಬಾಕೆಗೆ ಮಗನ ಮೇಲಿನ ದೂರುಗಳೇ ಕಾದಿರುತ್ತವೆ. ಕಿಟಕಿ ಒಡೆದ, ಸಣ್ಣ ಹುಡುಗರಿಗೆ ಹೊಡೆದ, ನಲ್ಲಿ ಮುರಿದ. ಆಕೆ ತಲೆ ತಗ್ಗಿಸಿ ಕೂರುತ್ತಾಳೆ.

ಆ ಹೊಗಳಿಕೆಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕು. ಹತ್ತೋ ಹನ್ನೆರಡೋ ವರ್ಷದ ಜೀವವೊಂದು ದಿನಕ್ಕೆ ಆರು ತಾಸು ಒಂದೇ ಕೋಣೆಯಲ್ಲಿ ಕೂತಿರುತ್ತದೆ, ಅದು ಇದ್ದದ್ದು ಯಾರಿಗೂ ತಿಳಿಯುವುದಿಲ್ಲ, ಅದನ್ನು ನಾವು ಗುಣವೆಂದು ಎಣಿಸುತ್ತೇವೆ. ಗುಣವೇ ಇರಬಹುದು. ಕೆಲವು ಮಕ್ಕಳು ಹುಟ್ಟಿನಿಂದಲೇ ಮಿತಭಾಷಿಗಳು, ಅವರಿಗೆ ಏನೂ ಆಗಿರುವುದಿಲ್ಲ. ಆದರೆ ಯಾರ ಮೌನ ಎಂಥದ್ದೆಂದು ಹತ್ತಿರ ಹೋಗಿ ನೋಡಿದವರಾದರೂ ಯಾರು? ಕಿಟಕಿ ಒಡೆದವನ ವಿಷಯ ಸ್ಟಾಫ್ ರೂಮಿನಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ, ಚಹಾದಂಗಡಿಯಲ್ಲಿ ಚರ್ಚೆಯಾಗುತ್ತದೆ. ಬೈಗುಳವೋ ಬೆತ್ತವೋ, ಅಂತೂ ಅವನ ಮೇಲೆ ಹತ್ತು ಜನರ ಕಣ್ಣಿದೆ. ಎರಡು ತಿಂಗಳಿಂದ ಬಿಸಿಯೂಟದ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿರುವವಳ ಮೇಲೆ ಒಬ್ಬರದೂ ಇಲ್ಲ. ಮಗುವಿನ ಸಂಕಟ ನಮಗೆ ಕಾಣುವುದು ಅದು ನಮ್ಮ ಕೆಲಸಕ್ಕೆ ಅಡ್ಡ ಬಂದಾಗ. ಮಕ್ಕಳ ಮನಸ್ಸಿನ ಆರೋಗ್ಯದ ವಿಷಯದಲ್ಲಿ ನಾವು ಮೊದಲು ಸೋತಿರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ವೈದ್ಯರು ಸಾಲದು, ದುಡ್ಡು ಸಾಲದು ಎಂಬ ಮಾತುಗಳೆಲ್ಲ ಆಮೇಲಿನವು.

2015-16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ 13.5, ಹಳ್ಳಿಗಳಲ್ಲಿ ಶೇ 6.9. (ಸಮೀಕ್ಷೆ ನಡೆಸಿದ ಸಂಸ್ಥೆ ಬೆಂಗಳೂರಿನದಾದರೂ ಅದು ನಡೆದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.) ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ನೋಡಿ, ಹಳ್ಳಿಯೇ ವಾಸಿ, ಬಯಲಿದೆ, ಬಂಧುಬಳಗವಿದೆ, ಮಕ್ಕಳು ಮಣ್ಣಿನಲ್ಲಿ ಆಡಿಕೊಂಡಿರುತ್ತಾರೆ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳಲಾರೆ. ಅತ್ತರೆ ಎತ್ತಿಕೊಳ್ಳಲು ಪಕ್ಕದ ಮನೆಯ ಅಜ್ಜಿಯೊಬ್ಬಳು ಇರುವುದು ಸಣ್ಣ ಸಂಪತ್ತಲ್ಲ. ಆದರೆ ಶೇ 6.9 ಎಂದರೆ ಇನ್ನೂರು ಮಕ್ಕಳಿರುವ ಒಂದು ಹೈಸ್ಕೂಲಿನಲ್ಲಿ ಹದಿನಾಲ್ಕು ಮಂದಿ. ಆ ಹದಿನಾಲ್ಕರಲ್ಲಿ ಗಲಾಟೆ ಮಾಡಿ ಸಿಕ್ಕಿಬೀಳುವವರು ಎಷ್ಟೋ, ಇದ್ದದ್ದೇ ಗೊತ್ತಾಗದವರು ಎಷ್ಟೋ. ಬದುಕಿನಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು ಹದಿನಾಲ್ಕನೇ ವಯಸ್ಸಿನ ಹೊತ್ತಿಗೇ ಶುರುವಾಗಿರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಅಂದರೆ ಎಂಟನೆಯೋ ಒಂಬತ್ತನೆಯೋ ತರಗತಿ ಮುಗಿಯುವ ಮೊದಲು. ಮುಂದೆ ಇಪ್ಪತ್ತೈದರಲ್ಲಿ ಆಸ್ಪತ್ರೆಯ ಬಾಗಿಲಿಗೆ ಬರುವವರು ಆ ವಯಸ್ಸಿನಲ್ಲಿ ನಮ್ಮ ಶಾಲೆಯ ಎರಡನೇ ಬೆಂಚಿನಲ್ಲಿ ಕೂತಿದ್ದರು.

ಕಲಬುರಗಿ, ಯಾದಗಿರಿ, ರಾಯಚೂರಿನ ಹಳ್ಳಿಗಳಲ್ಲಿ ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ, ಕೈ ಕೊಟ್ಟರೆ ಅದಕ್ಕೂ ಮೊದಲೇ, ಗುಳೆ ಶುರುವಾಗುತ್ತದೆ. ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯುವುದಕ್ಕೆ ಮನೆಗೆ ಮನೆಯೇ ಹೊರಡುತ್ತದೆ. ಮಕ್ಕಳು ಎರಡು ಪಾಲಾಗುತ್ತಾರೆ. ಕೈಗೂಸು ಮತ್ತು ಅದನ್ನು ನೋಡಿಕೊಳ್ಳುವಷ್ಟು ದೊಡ್ಡ ಮಗಳು ಅಪ್ಪ ಅವ್ವನ ಜೊತೆ. ನಡುವಿನವರು ಅಜ್ಜಿಯ ಹತ್ತಿರ. ಹಾಜರಿ ಪುಸ್ತಕದಲ್ಲಿ ಹೋದವರಿಗೆ ‘ದೀರ್ಘ ಗೈರು’ ಎಂಬ ಷರಾ ಬೀಳುತ್ತದೆ. ಉಳಿದವರಿಗೆ ಷರಾ ಏನೂ ಇಲ್ಲ, ಅವರು ಹಾಜರಿದ್ದಾರೆ. ಐದು ತಿಂಗಳು ತಾಯಿಯ ಮುಖ ಕಾಣದೆ, ಕಣ್ಣು ಮಂಜಾದ ಅಜ್ಜಿಗೆ ತಾನೇ ರೊಟ್ಟಿ ತಟ್ಟಿಕೊಟ್ಟು ಶಾಲೆಗೆ ಬರುವ ಹನ್ನೊಂದರ ಹುಡುಗಿ ಲೆಕ್ಕದ ಪುಸ್ತಕ ತೆರೆದಿಟ್ಟುಕೊಂಡು ಏನನ್ನು ನೋಡುತ್ತಿರುತ್ತಾಳೆಂದು ಕೇಳುವ ಕಾಲಂ ನಮ್ಮ ಯಾವ ನಮೂನೆಯಲ್ಲೂ ಇಲ್ಲ.

ಇನ್ನು ಕುಡಿತ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಪಾಕೀಟು ಹೋಯಿತು, ಅಗ್ಗದ ಬಾಟಲಿ ಬಂತು, ಎಷ್ಟೋ ಹಳ್ಳಿಗಳಲ್ಲಿ ಅದು ಕಿರಾಣಿ ಅಂಗಡಿಯ ಹಿಂಬಾಗಿಲಿಗೂ ತಲುಪಿತು. ಕುಡಿದು ಬರುವ ಅಪ್ಪನ ಮನೆಯಲ್ಲಿ ಬೆಳೆಯುವ ಮಗು ಅಕ್ಷರ ಓದುವ ಮೊದಲೇ ಹೆಜ್ಜೆ ಸಪ್ಪಳ ಓದುವುದನ್ನು ಕಲಿಯುತ್ತದೆ. ಈವತ್ತು ಎಷ್ಟು ಏರಿದೆ, ತಟ್ಟೆ ಹಾರುತ್ತದೆಯೋ ಇಲ್ಲವೋ, ಅವ್ವನ ಪಕ್ಕ ನಿಲ್ಲಬೇಕೋ ಮೂಲೆ ಸೇರಬೇಕೋ ಎಲ್ಲವನ್ನೂ ಅದು ಬಾಗಿಲಿನ ಅಗಳಿ ತೆಗೆಯುವ ಸದ್ದಿನಲ್ಲೇ ತಿಳಿಯುತ್ತದೆ. ಅಂಥ ಮನೆಯಲ್ಲಿ ಇದ್ದದ್ದೇ ಗೊತ್ತಾಗದ ಹಾಗೆ ಇರುವುದು ಬದುಕಿಕೊಳ್ಳುವ ವಿದ್ಯೆ. ಮಗು ಆ ವಿದ್ಯೆಯನ್ನು ಹೊತ್ತುಕೊಂಡೇ ಶಾಲೆಗೆ ಬರುತ್ತದೆ, ಶಾಲೆ ಅದಕ್ಕೆ ಶಹಬ್ಬಾಸ್ ಎನ್ನುತ್ತದೆ.

ಎಂಟನೇ ತರಗತಿ ದಾಟಿದ ಹುಡುಗಿಯರ ಕತೆ ಬೇರೆಯೇ. ಹೈಸ್ಕೂಲು ಮೂರು ಮೈಲಿ ಆಚೆ, ದಾರಿಯಲ್ಲಿ ಚುಡಾಯಿಸುವವರು, ಮನೆಯಲ್ಲಿ ಸೋದರಮಾವನ ಹೆಸರು ಹಿಡಿದು ನಡೆಯುವ ಪಿಸುಮಾತು. ಬಾಲ್ಯವಿವಾಹ ಕರ್ನಾಟಕದಲ್ಲಿ ಮೊದಲಿನಿಂದಲೇ ಅಸಿಂಧು ಎಂದು 2016ರ ತಿದ್ದುಪಡಿ ಹೇಳುತ್ತದೆ. ಕಾನೂನು ಗಟ್ಟಿಯಾಗಿಯೇ ಇದೆ. ದಾರಿಯಲ್ಲಿ ಹೀಗಾಯಿತೆಂದು ಮನೆಯಲ್ಲಿ ಹೇಳಿದರೆ ಶಾಲೆಯನ್ನೇ ಬಿಡಿಸುತ್ತಾರೆಂಬುದು ಆ ಹುಡುಗಿಗೆ ಗೊತ್ತು. ಹಾಗಾಗಿ ಹೇಳುವುದಿಲ್ಲ. ಹೊಟ್ಟೆನೋವು ಎನ್ನುತ್ತಾಳೆ. ಹೊಟ್ಟೆನೋವಿಗೆ ಮಾತ್ರೆ ಸಿಗುತ್ತದೆ.

ಬಾಯಿ ಆಡದ್ದನ್ನು ಮೈ ಆಡುವುದೂ ಉಂಟು. ವಸತಿ ಶಾಲೆಯೊಂದರಲ್ಲಿ ಒಬ್ಬ ಹುಡುಗಿ ಮೂರ್ಛೆ ಹೋದ ಬೆನ್ನಿಗೇ ಹತ್ತಾರು ಹುಡುಗಿಯರು ಬಿದ್ದರೆಂಬ ಸುದ್ದಿ ಆಗೀಗ ಬರುತ್ತದೆ. ಅಧಿಕಾರಿಗಳು ಓಡಿ ಬರುತ್ತಾರೆ, ಸಾಂಬಾರಿನ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ, ಊರಿನವರು ಶಾಲೆ ಕಟ್ಟಿದ ಜಾಗದಲ್ಲಿ ಹಿಂದೆ ಏನಿತ್ತೆಂದು ನೆನಪಿಸಿಕೊಳ್ಳುತ್ತಾರೆ, ಒಂದು ಹೋಮವೂ ಆಗಬಹುದು. ಸಾಂಬಾರಿನಲ್ಲಿ ಏನೂ ಸಿಗದೆ ಹೋದರೆ ಎಲ್ಲರೂ ನಿಟ್ಟುಸಿರು ಬಿಟ್ಟು ಜೀಪು ಹತ್ತುತ್ತಾರೆ. ಹನ್ನೆರಡರ ವಯಸ್ಸಿಗೆ ಮನೆ ಬಿಟ್ಟು ಬಂದವರಿಗೆ ಆ ಹಾಸ್ಟೆಲ್ಲಿನ ರಾತ್ರಿಗಳು ಹೇಗಿರುತ್ತವೆ, ವಾರ್ಡನ್ ಎಂದರೆ ಭಯವೇ, ಮನೆಗೆ ಫೋನು ಮಾಡಲು ಬಿಡುತ್ತಾರೆಯೇ ಎಂದು ಕೂತು ಕೇಳುವವರು ಅಪರೂಪ. ಅಷ್ಟು ಜನ ನೆಲಕ್ಕೆ ಬಿದ್ದ ಮೇಲೂ ನಾವು ನೋಡಿದ್ದು ಸಾಂಬಾರನ್ನು.

ಹಾಗೆಂದು ಈ ನಾಡಿನಲ್ಲಿ ಯಾರೂ ಏನೂ ಮಾಡಲಿಲ್ಲ ಎಂದರೆ ಅದು ಸುಳ್ಳು. ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲೇ ಆರೈಕೆ ಎಂಬ ವಿಚಾರವನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಬಳ್ಳಾರಿ. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಘಟಕವೊಂದನ್ನು ತೆರೆದು ಪಾಠ ಕಲಿತರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ದೊಡ್ಡದಾಗಿ ಮಾಡಿ ನೋಡಿದರು. ಮನೋವೈದ್ಯರು ಬರಲೆಂದು ಕಾಯುತ್ತ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆ ಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ಗುರುತಿಸುವುದನ್ನೂ ಔಷಧಿ ಕೊಡುವುದನ್ನೂ ಕಲಿಸಿದರು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಬೇರೆ ಜಿಲ್ಲೆಗಳಿಗೆ ಹೋಯಿತು. ಈಗ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.

ಬಳ್ಳಾರಿಯ ಸೂತ್ರ ಸರಳ: ಅಲ್ಲಿ ಈಗಾಗಲೇ ಇರುವವರಿಗೇ ಕಲಿಸಿ. ದೊಡ್ಡವರ ಕಾಯಿಲೆಯ ವಿಷಯದಲ್ಲಿ ಈ ಸೂತ್ರಕ್ಕೆ ನನ್ನ ಕೈಮುಗಿದ ಒಪ್ಪಿಗೆಯಿದೆ. ಮಕ್ಕಳ ಕಡೆಗೆ ತಿರುಗಿದಾಗಲೂ ಸರ್ಕಾರ ಅದನ್ನೇ ಹಿಡಿಯಿತು. ಶಾಲೆಯಲ್ಲಿ ಈಗಾಗಲೇ ಇರುವವರು ಯಾರು? ಶಿಕ್ಷಕರು. 2020ರಲ್ಲಿ ಆಯುಷ್ಮಾನ್ ಭಾರತದಡಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಕರೆದು, ಅವರು ಹೇಳಿಕೊಡಬೇಕಾದ ಹನ್ನೊಂದು ವಿಷಯಗಳಲ್ಲಿ ಭಾವನಾತ್ಮಕ ಸ್ವಾಸ್ಥ್ಯವನ್ನೂ ಸೇರಿಸಿತು. ಹೆಸರು ಭರ್ಜರಿಯಾಗಿದೆ. ಆ ರಾಯಭಾರಿಯ ದಿನಚರಿಯನ್ನು ನೋಡಿದರೆ ನಗು ಬರುತ್ತದೆ, ಆಮೇಲೆ ಬೇಸರ. ಇಬ್ಬರೇ ಮೇಷ್ಟ್ರು ಇರುವ ಶಾಲೆಯಲ್ಲಿ ಐದು ತರಗತಿ. ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಬೇಳೆಯ ದಾಸ್ತಾನು, ಮಕ್ಕಳ ಆಧಾರ್ ಹೊಂದಿಕೆಯಾಗದ ತಂತ್ರಾಂಶ, ಮತದಾರರ ಪಟ್ಟಿ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರೂ ಅವರೇ, ಅದು ಮುಗಿಯಲೆಂದು ದಸರಾ ರಜೆಯನ್ನೇ ಮುಂದಕ್ಕೆಳೆಯಬೇಕಾಯಿತು. ಇದರ ಮೇಲೆ ಈಗ ಮಕ್ಕಳ ಮನಸ್ಸೂ ಒಂದು ರಿಜಿಸ್ಟರಾಗಿ ಬಂದು ಕೂತಿದೆ.

ಆದರೆ ನನ್ನ ಅನುಮಾನ ಬರೀ ಕೆಲಸದ ಹೊರೆಯ ಬಗ್ಗೆ ಅಲ್ಲ. ಬಿಹಾರದ ನಳಂದಾ ಜಿಲ್ಲೆಯಲ್ಲಿ ನಡೆದ ಒಂದು ಪ್ರಯೋಗ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಗೋವಾದ ಸಂಗಾತ್ ಸಂಸ್ಥೆಯವರು 2015-16ರ ಶೈಕ್ಷಣಿಕ ವರ್ಷದಲ್ಲಿ ಅಲ್ಲಿನ 74 ಸರ್ಕಾರಿ ಹೈಸ್ಕೂಲುಗಳ ಒಂಬತ್ತನೇ ತರಗತಿಯ ಮಕ್ಕಳನ್ನು ಇಟ್ಟುಕೊಂಡು ಇದನ್ನು ನಡೆಸಿದರು. ಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನ ಶಾಲೆಗಳು ಇದ್ದ ಹಾಗೇ ನಡೆದವು. ಎರಡನೆಯ ಪಾಲಿನಲ್ಲಿ ಆಯಾ ಶಾಲೆಯ ಶಿಕ್ಷಕರೊಬ್ಬರಿಗೆ ತರಬೇತಿ ಕೊಟ್ಟರು. ಮೂರನೆಯದರಲ್ಲಿ ಮನಶ್ಶಾಸ್ತ್ರದ ಪದವಿಯೇನೂ ಇಲ್ಲದ, ಅದೇ ಸೀಮೆಯ ಒಬ್ಬರನ್ನು ಈ ಕೆಲಸಕ್ಕೆಂದೇ ಶಾಲೆಗೆ ನೇಮಿಸಿದರು. ಇಬ್ಬರಿಗೂ ಕೊಟ್ಟ ಕೆಲಸ ಒಂದೇ: ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನಾಲ್ಕು ಮಾತು, ತಿಂಗಳ ಗೋಡೆ ಪತ್ರಿಕೆ, ಮಕ್ಕಳು ಚೀಟಿ ಬರೆದು ಹಾಕುವ ಪೆಟ್ಟಿಗೆ, ಗುಂಪು ಚರ್ಚೆ, ಬೇಕೆಂದವರ ಜೊತೆ ಒಬ್ಬೊಬ್ಬರಾಗಿ ಕೂತು ಮಾತು. ವರ್ಷ ಕಳೆದ ಮೇಲೆ ನೋಡಿದರೆ, ಹೊರಗಿನಿಂದ ಬಂದವರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ ಇಳಿದಿತ್ತು, ಒಬ್ಬರನ್ನೊಬ್ಬರು ಹಿಂಸಿಸುವುದು ಕಡಿಮೆಯಾಗಿತ್ತು, ಶಾಲೆ ನಮ್ಮದು ಎಂಬ ಭಾವ ಬಂದಿತ್ತು. ಶಿಕ್ಷಕರೇ ಮಾಡಿದ ಶಾಲೆಗಳಲ್ಲಿ, ಏನೂ ಮಾಡದ ಶಾಲೆಗಳಿಗೆ ಹೋಲಿಸಿದರೆ, ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಒಂದೇ ಪೆಟ್ಟಿಗೆ, ಒಂದೇ ಗೋಡೆ ಪತ್ರಿಕೆ, ಒಂದೇ ಬಗೆಯ ಮಾತು. ಫಲ ಮಾತ್ರ ಬೇರೆ. ಮೇಷ್ಟ್ರಿಗೆ ಪುರಸೊತ್ತಿರಲಿಲ್ಲ ಎಂದು ಹೇಳಿ ಮುಗಿಸಬಹುದು, ಅದೂ ನಿಜವೇ. ನಾನು ಮಗುವಿನ ಕಡೆಯಿಂದ ನೋಡುತ್ತೇನೆ. ಯಾರ ಕೈಯಲ್ಲಿ ಅಂಕಪಟ್ಟಿ ಇದೆಯೋ, ಯಾರು ನೆನ್ನೆ ಹೋಂವರ್ಕ್ ಮಾಡದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರೋ, ಯಾರು ಸಂತೆಯಲ್ಲಿ ಅಪ್ಪನಿಗೆ ಸಿಗುತ್ತಾರೋ ಅವರು ಈವತ್ತು ಸಂಜೆ ಕುರ್ಚಿ ಎಳೆದುಕೊಂಡು ಕೂತು ‘ಮನಸ್ಸಿನಲ್ಲಿರೋದನ್ನ ಹೇಳಪ್ಪ’ ಎಂದರೆ ಮಗು ಏನು ಹೇಳಬೇಕು? ಅದು ದಡ್ಡ ಅಲ್ಲ. ‘ಏನೂ ಇಲ್ಲ ಸಾರ್’ ಎನ್ನುತ್ತದೆ. ನಮ್ಮ ಊರುಗಳಲ್ಲಿ ಇನ್ನೂ ಒಂದು ಪದರವಿದೆ. ಕೇಳುವವರು ಯಾವ ಓಣಿಯವರು, ಹೇಳಬೇಕಾದ ಮಗು ಯಾವ ಕೇರಿಯದು ಎಂಬುದನ್ನು ನಾವು ಕಾಗದದ ಮೇಲೆ ಮರೆಯಬಹುದು. ಬಿಸಿಯೂಟದ ಸಾಲಿನಲ್ಲಿ ತನ್ನ ಪಕ್ಕದ ಜಾಗ ಖಾಲಿ ಉಳಿಯುವುದನ್ನು ಕಂಡ ಮಗು ಮರೆಯುವುದಿಲ್ಲ. ತೀರ್ಪು ಕೊಡುವ ಅಧಿಕಾರ ಮತ್ತು ಕೇಳಿಸಿಕೊಳ್ಳುವ ಕಿವಿ ಒಬ್ಬರಲ್ಲೇ ಇರುವುದು ಅಸಾಧ್ಯವೇನಲ್ಲ; ಅಂಥ ಶಿಕ್ಷಕಿಯರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಯಾವ ತರಬೇತಿಯೂ ಇಲ್ಲದೆ ಎಷ್ಟೋ ಮಕ್ಕಳನ್ನು ದಡ ಮುಟ್ಟಿಸಿದ್ದಾರೆ. ಆದರೆ ಅಪರೂಪದ ಒಳ್ಳೆಯವರನ್ನು ನಂಬಿ ಸಾರ್ವಜನಿಕ ವ್ಯವಸ್ಥೆ ಕಟ್ಟಲಾಗುವುದಿಲ್ಲ.

ಹಾಗಾದರೆ ಮುಂಜಾಗ್ರತೆಯಲ್ಲಿ ಮೇಷ್ಟ್ರ ಪಾಲು ಏನೂ ಇಲ್ಲವೇ? ಇದೆ, ಅದು ದೊಡ್ಡದೇ. ಮಗುವಿನ ಮನಸ್ಸನ್ನು ಬಿಚ್ಚಿಸುವುದಕ್ಕಿಂತ ಮೊದಲು ಅದು ಮುದುಡದಂತೆ ನೋಡಿಕೊಳ್ಳುವುದು. ಇದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ, ಅದನ್ನು ಯಾರೂ ಮಾನಸಿಕ ಆರೋಗ್ಯದ ಪಟ್ಟಿಯಲ್ಲಿ ಬರೆಯುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದು ಯುನಿಸೆಫ್ ನೆರವಿನಲ್ಲಿ ನಲಿ-ಕಲಿ ಶುರು ಮಾಡಿದರು. ಕುರ್ಚಿ ಬಿಟ್ಟು ಮೇಷ್ಟ್ರು ನೆಲಕ್ಕಿಳಿದರು. ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡು ಹಿಡಿದು, ಗೋಡೆಯ ಮೇಲಿನ ಏಣಿಯ ಮೆಟ್ಟಿಲು ನೋಡಿಕೊಂಡು, ತಮ್ಮ ತಮ್ಮ ವೇಗಕ್ಕೆ ಕಲಿಯತೊಡಗಿದರು. ಒಂದು ತಿಂಗಳು ಶಾಲೆ ತಪ್ಪಿಸಿಕೊಂಡ ಮಗು ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಗುಳೆಯಿಂದ ಮರಳಿದ ಮಗುವಿಗೆ ಇದರ ಅರ್ಥವೇನೆಂದು ಯೋಚಿಸಿ. ಎಲ್ಲರ ಎದುರು ಎದ್ದು ನಿಂತು ಬಾರದ ಪಾಠಕ್ಕೆ ನಾಚಬೇಕಿಲ್ಲ. 2009-10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ನಲಿ-ಕಲಿಯ ಕಲಿಕೆಯ ಗುಣಮಟ್ಟದ ಬಗ್ಗೆ ತಕರಾರುಗಳಿವೆ, ಕೆಲವನ್ನು ನಾನೂ ಒಪ್ಪುತ್ತೇನೆ. ಆದರೆ ಶಾಲೆಯೆಂದರೆ ಹೆದರಿ ಅಳುವ ಮಗು ಶಾಲೆಗೆ ತಾನೇ ಓಡುವಂತಾದರೆ ಅದು ಯಾವ ಆಪ್ತಸಲಹೆಗೂ ಕಡಿಮೆಯಲ್ಲ.

ಬಾವಿಗೆ ಬಿದ್ದ ಮಗುವನ್ನು ಎತ್ತಿದವನಿಗೆ ಊರವರು ಶಾಲು ಹೊದಿಸುತ್ತಾರೆ, ಬಾವಿಗೆ ಕಟ್ಟೆ ಕಟ್ಟಿದ ಗೌಂಡಿಯ ಹೆಸರು ಯಾರಿಗೂ ನೆನಪಿರುವುದಿಲ್ಲ. ಮುಂಜಾಗ್ರತೆಯ ಕಷ್ಟ ಅದೇ. ಆಗದೆ ಹೋದದ್ದನ್ನು ಎಣಿಸಿ ವರದಿ ಬರೆಯಲಾಗುವುದಿಲ್ಲ, ಉದ್ಘಾಟನೆಯ ಫಲಕವೂ ಇರುವುದಿಲ್ಲ. ಆದ್ದರಿಂದ ಎಣಿಸಲು ಬರುವುದನ್ನೇ ಮಾಡುತ್ತ ಹೋಗುತ್ತೇವೆ. ವರ್ಷಕ್ಕೊಮ್ಮೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಎತ್ತರ, ತೂಕ, ಹಲ್ಲು, ಕಣ್ಣು ನೋಡುತ್ತದೆ. ಅದು ಆಗಲೇಬೇಕಾದ ಕೆಲಸ, ಹೃದಯದ ತೂತು ಪತ್ತೆಯಾಗಿ ಬದುಕಿದ ಮಕ್ಕಳಿದ್ದಾರೆ. ಆದರೆ ಸಾಲಿನಲ್ಲಿ ನಿಂತ ಮಗುವಿಗೆ ಸಿಗುವ ಎರಡು ನಿಮಿಷದಲ್ಲಿ ಮನಸ್ಸು ಬಾಯಿ ತೆರೆದು ತೋರಿಸುವ ಅಂಗವಲ್ಲ. ಮನೋಸ್ವಾಸ್ಥ್ಯದ ಪಾಠ ಮಾಡಿದರೆ ಆಯಿತು ಎನ್ನುವವರೂ ಇದ್ದಾರೆ. ಬ್ರಿಟನ್ನಿನ 85 ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಶಿಕ್ಷಕರಿಂದಲೇ ಧ್ಯಾನದ ಪಾಠ ಮಾಡಿಸಿ ನೋಡಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2022ರಲ್ಲಿ ಬಂತು. ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿ ಕಣ್ಣು ಮುಚ್ಚಿ ಎಂದರೆ ಆ ಸಾಲಿನಲ್ಲೂ ಇದ್ದದ್ದೇ ಗೊತ್ತಾಗದ ಮಗು ಗೊತ್ತಾಗದೆಯೇ ಉಳಿಯುತ್ತದೆ.

ಮುದುಡಿಸುವ ಕೆಲಸವನ್ನಂತೂ ಶಾಲೆ ಚೆನ್ನಾಗಿಯೇ ಕಲಿತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೊಡೆತ ಕಡಿಮೆಯಾಗಿದೆ, ಹೀಯಾಳಿಕೆ ಆಗಿಲ್ಲ. ‘ನಿಮ್ಮಪ್ಪನ ಹಾಗೆ ನೀನೂ ಕುರಿ ಕಾಯೋಕೆ ಹೋಗು’ ಎಂಬ ಮಾತಿಗೆ ಬಾಸುಂಡೆ ಏಳುವುದಿಲ್ಲ, ದೂರೂ ದಾಖಲಾಗುವುದಿಲ್ಲ. ಪರೀಕ್ಷೆಯ ವಿಷಯ ಕೇಳಲೇಬೇಡಿ. ಎನ್‌ಸಿಇಆರ್‌ಟಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 81ರಷ್ಟು ಮಕ್ಕಳು ತಮ್ಮ ಆತಂಕಕ್ಕೆ ಓದು, ಪರೀಕ್ಷೆ, ಫಲಿತಾಂಶಗಳೇ ಕಾರಣ ಎಂದಿದ್ದರು. ಕರ್ನಾಟಕ 2024ರಲ್ಲಿ ಎಸ್ಎಸ್ಎಲ್‌ಸಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಟ್ಟಿತು. ಬಿದ್ದವರು ಅದೇ ವರ್ಷ ಏಳಬಹುದು. ನಾನು ಕಂಡ ಒಳ್ಳೆಯ ನಿರ್ಧಾರಗಳಲ್ಲಿ ಅದೊಂದು. ಅದೇ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಏರಿಸಿಯೂ ಶೇ 73.40ಕ್ಕೆ ಇಳಿಯಿತು. ನಕಲು ನಿಲ್ಲಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಣಿತದ ಮೇಷ್ಟ್ರನ್ನು ಕಳಿಸುವ ಮೊದಲು ಕ್ಯಾಮೆರಾ ಕಳಿಸಿದ ಊರುಗಳಲ್ಲಿ ಹದಿನಾರರ ಹುಡುಗನಿಗೆ ಏನನ್ನಿಸಿರಬೇಕು? ತನ್ನನ್ನು ನೋಡುವವರು ಕೊನೆಗೂ ಬಂದರು, ಆದರೆ ಬಂದದ್ದು ಕಳ್ಳನೆಂದು.

ಹಳ್ಳಿಯಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಗುಟ್ಟೆಂಬುದು ಉಳಿಯುವುದಿಲ್ಲ. ಶಾಲೆಯ ಮೂಲೆಯಲ್ಲಿ ‘ಆಪ್ತಸಲಹಾ ಕೊಠಡಿ’ ಎಂದು ಫಲಕ ಬರೆಸಿ ನೋಡಿ. ಅದರೊಳಗೆ ಹೋದ ಹುಡುಗಿಯ ಹೆಸರು ಸಂಜೆಯ ಹೊತ್ತಿಗೆ ನೀರಿನ ಟ್ಯಾಂಕಿನ ಬಳಿ ಇರುತ್ತದೆ. ತಲೆ ಸರಿ ಇಲ್ಲವಂತೆ ಎಂಬ ಒಂದು ಮಾತು ಅವಳ ಮದುವೆಯ ವರೆಗೂ ಹಿಂಬಾಲಿಸುತ್ತದೆ, ಅವಳ ತಂಗಿಯ ಮದುವೆಗೂ. ಆದ್ದರಿಂದ ತಾಯಿ ಆಸ್ಪತ್ರೆ ಎನ್ನದೆ ದೇವರ ಗುಡಿ ಎನ್ನುತ್ತಾಳೆ. ದೃಷ್ಟಿ ತೆಗೆಯುತ್ತಾಳೆ, ತಾಯತ ಕಟ್ಟಿಸುತ್ತಾಳೆ, ಅಮಾವಾಸ್ಯೆಗೆ ಕರೆದುಕೊಂಡು ಹೋಗುತ್ತಾಳೆ. ಓದಿದವರು ಇದನ್ನು ಕಂಡು ಮೂಗು ಮುರಿಯುತ್ತೇವೆ. ಗಾಳಿ ಬಿಡಿಸುತ್ತೇನೆಂದು ಹೊಡೆಯುವವನನ್ನು ಪೊಲೀಸರಿಗೇ ಕೊಡಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಾಯತ ಕಟ್ಟಿಸಿದ ತಾಯಿ ಒಂದು ಕೆಲಸ ಮಾಡಿದ್ದಾಳೆ. ಮಗುವಿಗೆ ಏನೋ ಆಗಿದೆ ಎಂದು ಒಪ್ಪಿಕೊಂಡಿದ್ದಾಳೆ, ಅದರ ಕೈಹಿಡಿದು ಒಂದು ದಿನ ನಡೆದಿದ್ದಾಳೆ. ‘ಸೋಮಾರಿ, ನಾಟಕ ಮಾಡ್ತಾಳೆ’ ಎಂದು ಶಾಲೆ ಹೇಳಿದ ದಿನವೇ ಆಕೆ ಅದನ್ನು ಮಾಡಿದ್ದಾಳೆ. ಅವಳನ್ನು ನಕ್ಕು ಕಳಿಸುವ ವೈದ್ಯರ ಹತ್ತಿರ ಅವಳು ಮಂಗಳವಾರ ಏಕೆ ಬಂದಾಳು? ಗುಡಿಗೂ ಹೋಗಿ ಬಾರಮ್ಮ, ಇಲ್ಲಿಗೂ ಬಾ ಎನ್ನುವವರ ಹತ್ತಿರ ಬರುತ್ತಾಳೆ.

ಹೀಗಾಗಿ ಫಲಕವಿಲ್ಲದ, ಕೊಠಡಿಯೂ ಬೇಡದ ಒಂದು ಹುದ್ದೆಯ ಬಗ್ಗೆ ನಾನು ಯೋಚಿಸುತ್ತೇನೆ. ಒಂದು ಕ್ಲಸ್ಟರಿನ ಶಾಲೆಗಳಿಗೆ ಒಬ್ಬರು. ಅದೇ ಹೋಬಳಿಯಲ್ಲಿ ಬಿಎ ಮುಗಿಸಿ ಹೊಲಿಗೆ ಯಂತ್ರದ ಮುಂದೆ ಕೂತ ಹುಡುಗಿಯರು ಎಷ್ಟು ಜನರಿಲ್ಲ! ಅವಳು ಅಂಕ ಕೊಡುವುದಿಲ್ಲ, ಹಾಜರಿ ಹಾಕುವುದಿಲ್ಲ. ಆಟದ ಪೀರಿಯಡ್‌ನಲ್ಲಿ ಇರುತ್ತಾಳೆ, ಊಟದ ಸಾಲಿನಲ್ಲಿ ಕೂರುತ್ತಾಳೆ, ಎಲ್ಲ ಮಕ್ಕಳ ಜೊತೆಗೂ ಮಾತಾಡುವುದರಿಂದ ಯಾರ ಜೊತೆ ಮಾತಾಡಿದಳೆಂಬುದು ಸುದ್ದಿಯಾಗುವುದಿಲ್ಲ. ಗುಳೆ ಹೊರಡುವ ಕಾಲಕ್ಕೆ ಯಾವ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆಂದು ಅವಳಿಗೆ ಗೊತ್ತಿರುತ್ತದೆ, ವಾರಕ್ಕೊಮ್ಮೆ ಅವ್ವನಿಗೆ ಫೋನು ಹಚ್ಚಿಕೊಡುತ್ತಾಳೆ. ತನ್ನ ಕೈಲಾಗದ್ದು ಯಾವುದು, ಯಾವ ಮಗುವನ್ನು ಈ ಮಂಗಳವಾರವೇ ತಾಲ್ಲೂಕಿಗೆ ಕರೆದೊಯ್ಯಬೇಕು, ಯಾವ ಸಂಗತಿಗೆ ಮಕ್ಕಳ ಸಹಾಯವಾಣಿ 1098 ಎಂಬುದನ್ನು ಅವಳಿಗೆ ಕಲಿಸಬೇಕು. ಅವಳಿಗೆ ತಿಂಗಳು ತಿಂಗಳು ಸಂಬಳ ಆಗಬೇಕು. ಗೌರವಧನ ಎಂಬ ಹೆಸರಿನಲ್ಲಿ ಆಶಾ ಕಾರ್ಯಕರ್ತೆಯರನ್ನು, ಬಿಸಿಯೂಟದ ಅಡುಗೆಯವರನ್ನು ನಾವು ನಡೆಸಿಕೊಂಡ ರೀತಿಯಲ್ಲಿ ಅಲ್ಲ.

ಅಂಥ ಒಬ್ಬಳು ಇದ್ದಾಳೆಂದೇ ಇಟ್ಟುಕೊಳ್ಳಿ. ನವೆಂಬರ್ ಆಸುಪಾಸಿನಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಮಕ್ಕಳು ಎದ್ದು ನಿಂತು ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲಿಸುವುದಿಲ್ಲ, ಕಾಂಪೌಂಡ್ ಇಲ್ಲ ಎನ್ನುತ್ತಾರೆ. ಚೀಟಿಯಲ್ಲಿ ಬರೆದುಕೊಂಡು ಬಂದ ಪ್ರಶ್ನೆಗಳ ನಡುವೆ ಒಂದು ಹೀಗೂ ಇರುತ್ತದೆ ಎಂದುಕೊಳ್ಳಿ: ನಮ್ಮ ಓಣಿಯ ಅಂಗಡಿಯಲ್ಲಿ ಬಾಟಲಿ ಮಾರುವುದನ್ನು ಯಾವಾಗ ನಿಲ್ಲಿಸುತ್ತೀರಿ? ಕೇಳಿದವಳು ಅದುವರೆಗೆ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಅದು ಅಬಕಾರಿ ಇಲಾಖೆಗೆ ಸೇರಿದ್ದು ಎಂದು ಪಿಡಿಒ ಹೇಳಬಹುದು, ಪರಿಶೀಲಿಸಲಾಗುವುದು ಎಂದು ನಡಾವಳಿಯಲ್ಲಿ ಬರೆಸಬಹುದು. ಸಭೆ ಮುಗಿಸಿ ಬಂದ ಹುಡುಗಿಗೆ ನಮ್ಮ ಆಪ್ತಸಲಹೆಗಾರ್ತಿ ಏನು ಹೇಳಬೇಕು? ಉಸಿರನ್ನು ನಿಧಾನವಾಗಿ ಎಳೆದು ಬಿಡು ಎಂದೇ? ಧೈರ್ಯವಾಗಿರು ಎಂದೇ? ಅಂಗಡಿ ಇರುವಷ್ಟು ದಿನ ಅದನ್ನು ತಾಳಿಕೊಳ್ಳುವುದನ್ನು ಆ ಮಗುವಿಗೆ ಕಲಿಸುವುದಕ್ಕೇ ನಾವು ಅವಳನ್ನು ನೇಮಿಸಿದ್ದಾದರೆ ಆ ಹುದ್ದೆ ಬೇಡ. ಆ ಪ್ರಶ್ನೆಯನ್ನು ಅವಳು ದಿನಾಂಕದ ಸಮೇತ ತನ್ನ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಮುಂದಿನ ತಿಂಗಳ ಪಂಚಾಯಿತಿ ಸಭೆಗೆ ಹೋಗಿ ಅಬಕಾರಿಯವರು ಬಂದಿದ್ದರೇ ಎಂದು ಕೇಳಬೇಕು, ಬಂದಿಲ್ಲವಾದರೆ ಅದರ ಮುಂದಿನ ತಿಂಗಳೂ ಕೇಳಬೇಕು, ಏನು ಉತ್ತರ ಬಂತೆಂದು ಪ್ರತಿ ಸಲವೂ ಹುಡುಗಿಗೆ ಬಂದು ಹೇಳಬೇಕು.